ಟಿಕೆಟಿನಲ್ಲಿ ಉಳಿಸಿದ್ದು ರಸ್ತೆಯಲ್ಲಿ ಹೋಗದಿರಲಿ

ನಮ್ಮ ಮನೆಗಳಲ್ಲಿ ವಿಮಾನದ ಟಿಕೆಟ್ ತೆಗೆಯುವುದೆಂದರೆ ಸಣ್ಣ ಕೆಲಸವಲ್ಲ. ದುಬೈಯಲ್ಲಿರುವ ಮಗ ಹದಿನೈದು ದಿನ ಮೊಬೈಲ್ ನೋಡುತ್ತಾನೆ. ಸೋಮವಾರ ಎಷ್ಟು, ಬುಧವಾರ ಎಷ್ಟು, ಮಂಗಳೂರಿಗೆ ಎಷ್ಟು, ಕಣ್ಣೂರಿಗೆ ಎಷ್ಟು ಎಂದು ಹುಡುಕುತ್ತಾನೆ. ಐನೂರು ರೂಪಾಯಿ ಕಡಿಮೆ ಸಿಕ್ಕಿದರೆ ಖುಷಿಯಲ್ಲಿ ಮನೆಗೆ ಫೋನ್ ಮಾಡುತ್ತಾನೆ. ಆದರೆ ವಿಮಾನ ಇಳಿದ ಮೇಲೆ ಮನೆಗೆ ಮುಟ್ಟುವ ದಾರಿಯ ಬಗ್ಗೆ ಮನೆಯಲ್ಲಿ ಐದು ನಿಮಿಷವೂ ಮಾತುಕತೆ ಆಗುವುದಿಲ್ಲ. ‘ದೊಡ್ಡ ಗಾಡಿ ಹೇಳು, ಎಲ್ಲರೂ ಹೋಗುವ’ ಎಂದರೆ ಮುಗಿಯಿತು. ಮಗ ಹದಿನೈದು ದಿನ ಕೂತು ಉಳಿಸಿದ್ದು ಆ ಒಂದು ಮಾತಿನಲ್ಲಿ ಹೋಯಿತು.

ನಾನು ಮದ್ರಸದಲ್ಲಿ ಪಾಠ ಮಾಡುವವ, ಟ್ರಾವೆಲ್ ಏಜೆಂಟ್ ಅಲ್ಲ. ಆದರೆ ‘ಉಸ್ತಾದ್, ನಾಳೆ ರಜೆ ಬೇಕು, ಉಪ್ಪ ಬರ್ತಾರೆ’ ಎಂದು ಕೇಳುವ ಮಕ್ಕಳು ವರ್ಷವಿಡೀ ಇರುತ್ತಾರೆ. ಅವರ ಮನೆಯವರ ಜೊತೆ ಮಾತಾಡುವಾಗ ಖರ್ಚಿನ ವಿಷಯ ಕಿವಿಗೆ ಬೀಳುತ್ತದೆ. ಈಚೆಗೆ ನಮ್ಮ ಜಮಾಅತಿನ ಒಬ್ಬ ಯುವಕ ಕೆಲಸ ಹೋಗಿ ಊರಿಗೆ ಮರಳಿದ. ಕೆಲಸ ಹೋದ ಸಂಗತಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ಉಮ್ಮನಿಗೆ ಮುಖತಃ ಹೇಳುವ ಎಂದುಕೊಂಡಿದ್ದ. ಇಲ್ಲಿ ಮನೆಯವರು ಎರಡು ಗಾಡಿ ಮಾಡಿಕೊಂಡು ಹನ್ನೊಂದು ಮಂದಿ ಹೋಗಿದ್ದರು. ಬರುವ ದಾರಿಯಲ್ಲಿ ಹೋಟೆಲ್ ಊಟ ಬೇರೆ. ಮನೆಯಂಗಳದಲ್ಲಿ ಇಳಿದ ಮೇಲೆ ಇಬ್ಬರು ಡ್ರೈವರುಗಳೂ ಬಾಡಿಗೆಗೆ ನಿಂತದ್ದು ಅವನ ಮುಂದೆಯೇ. ‘ಗಲ್ಫಿನಿಂದ ಬಂದವನಲ್ಲವಾ’ ಎಂಬುದು ಎಲ್ಲರ ಲೆಕ್ಕ. ಅವನ ಕೈಯಲ್ಲಿದ್ದದ್ದು ಕೊನೆಯ ತಿಂಗಳ ಸಂಬಳ. ಅದರಿಂದಲೇ ಕೊಟ್ಟ, ಏನೂ ಹೇಳಲಿಲ್ಲ.

ಇಂತಹವರು ಪ್ರತಿ ವಿಮಾನದಲ್ಲೂ ಒಬ್ಬರಾದರೂ ಇರುತ್ತಾರೆ. ನಾವು ಕರೆತರಲು ಹೋದವರ ಕಿಸೆಯಲ್ಲಿ ಏನುಂಟು ಎಂದು ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಈ ಮಾತು ಬರೀ ಜಿಪುಣತನದ ಮಾತಲ್ಲ.

ದೊಡ್ಡ ಗಾಡಿಯ ಅಭ್ಯಾಸ ಎಲ್ಲಿಂದ ಬಂತು?

ಬಜ್ಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರಲ್ಲಿ. ಆದರೆ ಅಲ್ಲಿಂದ ನೇರ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿಗೆ ಹೋದ ನಮ್ಮ ಹಿರಿಯರು ಮುಂಬೈಗೆ ಬಂದು ಇಳಿಯುತ್ತಿದ್ದರು. ಅಲ್ಲಿಂದ ರಾತ್ರಿಯಿಡೀ ಬಸ್ಸು. ಕೆಲವರು ಬೆಂಗಳೂರಿಗೆ, ಕೆಲವರು ಕರಿಪ್ಪೂರಿಗೆ ಬಂದು ಊರು ಸೇರುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಬರುವ ಮನುಷ್ಯ, ಜೊತೆಗೆ ಹಗ್ಗ ಬಿಗಿದ ದೊಡ್ಡ ದೊಡ್ಡ ಕಾರ್ಟನ್ನುಗಳು. ಆಗ ದೂರದ ದಾರಿಗೆ ದೊಡ್ಡ ಗಾಡಿ ಬೇಕಿತ್ತು. ಇಬ್ಬರು ಗಂಡಸರು ಜೊತೆಗೆ ಇರುವುದೂ ಅಗತ್ಯವಾಗಿತ್ತು.

ಈಗ ಮಂಗಳೂರು ನಗರದಿಂದ ನಿಲ್ದಾಣಕ್ಕೆ ಇರುವುದು ಸುಮಾರು 13 ಕಿಲೋಮೀಟರ್. ವರ್ಷಕ್ಕೊಮ್ಮೆ ಬರುವವರೇ ಹೆಚ್ಚು. ಸಾಮಾನು ತೂಕದ ಲೆಕ್ಕಕ್ಕೆ ಸರಿಯಾಗಿ ಎರಡು ಪೆಟ್ಟಿಗೆ. ದಾರಿ ಸಣ್ಣದಾಯಿತು, ಸಾಮಾನು ಕಡಿಮೆಯಾಯಿತು, ಗಾಡಿ ಮಾತ್ರ ಸಣ್ಣದಾಗಲಿಲ್ಲ.

ತಲೆ ಲೆಕ್ಕವೋ, ಗಾಡಿ ಲೆಕ್ಕವೋ?

ಯಾವ ದೇಶದ ಯಾವ ವಿಮಾನ ನಿಲ್ದಾಣದಲ್ಲಿ ಇಳಿದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ವಾಹನಕ್ಕೆ ಹಣ ತಲೆ ಲೆಕ್ಕದಲ್ಲೋ, ಗಾಡಿ ಲೆಕ್ಕದಲ್ಲೋ? ಬಸ್ಸು, ರೈಲು, ಮೆಟ್ರೊ ತಲೆ ಲೆಕ್ಕ. ಟ್ಯಾಕ್ಸಿ, ಕಾರು, ರಿಕ್ಷಾ ಗಾಡಿ ಲೆಕ್ಕ.

ಒಬ್ಬನೇ ಬರುವವನಿಗೆ ತಲೆ ಲೆಕ್ಕದ ವಾಹನ ಲಾಭ. ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕು ಪೆಟ್ಟಿಗೆ ಇದ್ದರೆ ಗಾಡಿ ಲೆಕ್ಕವೇ ಸರಿ. ಅವರು ಬಸ್ಸಿಗೆ ಓಡಾಡಿ ಉಳಿಸುವುದು ಹೆಚ್ಚೇನೂ ಇರುವುದಿಲ್ಲ. ನಾವು ಮಾಡುವುದು ಇದರ ಉಲ್ಟಾ. ಬರುವವನು ಒಬ್ಬ, ಅವನಿಗೆ ಎರಡು ಗಾಡಿ.

ಒಂದು ಉದಾಹರಣೆ ನೋಡಿ. ಬಾಡಿಗೆ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಇದು ಲೆಕ್ಕ ಹಾಕುವ ಕ್ರಮ ಮಾತ್ರ. ಊರಿನಿಂದ ನಿಲ್ದಾಣಕ್ಕೆ 50 ಕಿಲೋಮೀಟರ್, ಕಿಲೋಮೀಟರಿಗೆ 20 ರೂಪಾಯಿ ಎಂದು ಇಟ್ಟುಕೊಳ್ಳಿ. ಊರಿನ ಗಾಡಿ ಹೋಗಿ ಬರಲು 100 ಕಿಲೋಮೀಟರ್, ಅಂದರೆ 2,000 ರೂಪಾಯಿ. ಎರಡು ಗಾಡಿಯಾದರೆ 4,000. ಇದರ ಮೇಲೆ ಕಾಯುವ ಬಾಡಿಗೆ, ಪಾರ್ಕಿಂಗ್, ದಾರಿಯ ಚಾ ತಿಂಡಿ. ಕರೆತರುವವರು ಮೂರು ಮಂದಿ ಒಂದು ಗಾಡಿಯಲ್ಲಿ ಹೋದರೆ ಅರ್ಧ ಅಲ್ಲಿಯೇ ಉಳಿಯಿತು. ಆ 2,000 ರೂಪಾಯಿ ಮನೆಯ ಒಂದು ತಿಂಗಳ ಕರೆಂಟ್ ಬಿಲ್ಲಿಗೋ ಮಗುವಿನ ಫೀಸಿಗೋ ಆದೀತು.

ಹಾಗಾದರೆ ಯಾರು ಹೋಗುವುದು? ನನ್ನ ಅಭಿಪ್ರಾಯದಲ್ಲಿ ಹೆಂಡತಿ ಮಕ್ಕಳಿಗೆ ಮೊದಲ ಸೀಟು. ವರ್ಷವಿಡೀ ಫೋನಿನಲ್ಲಿ ಮಾತ್ರ ಉಪ್ಪನನ್ನು ನೋಡಿದ ಮಗು ಗೇಟಿನಲ್ಲಿ ನಿಂತು ಕಾಯುವುದಕ್ಕೆ ಬೆಲೆ ಕಟ್ಟಲಾಗದು. ಅದನ್ನು ಉಳಿತಾಯದ ಪಟ್ಟಿಗೆ ಸೇರಿಸಬೇಡಿ. ಮಾವ, ಅಳಿಯ, ನೆರೆಮನೆಯವರು ಮನೆಯಲ್ಲೇ ಕಾಯಲಿ. ಸಲಾಂ ಹೇಳಲು ಮನೆಯ ಜಗಲಿ ಸಾಕಷ್ಟು ದೊಡ್ಡದುಂಟು.

ಬಜ್ಪೆಯಿಂದ ನಿಮ್ಮ ಊರಿಗೆ

ತುಂಬಾ ಮಂದಿ ಬಜ್ಪೆಯಿಂದ ಹೊರಟರೆ ಮೊದಲು ಮಂಗಳೂರು ನಗರಕ್ಕೆ ಇಳಿಯಬೇಕು, ಮತ್ತೆ ಊರಿನ ದಾರಿ ಹಿಡಿಯಬೇಕು ಎಂದೇ ತಿಳಿದಿದ್ದಾರೆ. ಎಲ್ಲರಿಗೂ ಅದು ಬೇಕಾಗಿಲ್ಲ.

ಬಂಟ್ವಾಳ, ಉಪ್ಪಿನಂಗಡಿ, ಪುತ್ತೂರು, ಬೆಳ್ತಂಗಡಿ ಕಡೆಯವರು ಬಜ್ಪೆಯಿಂದ ಗುರುಪುರ ಕೈಕಂಬ, ಪೊಳಲಿ ಮೂಲಕ ಬಿ.ಸಿ.ರೋಡ್ ಕಡೆಗೆ ಹೋಗಬಹುದು. ಪಂಪ್‌ವೆಲ್, ಪಡೀಲಿನ ಟ್ರಾಫಿಕ್ ನೋಡಬೇಕಾಗಿಲ್ಲ. ಮೂಡುಬಿದಿರೆಯವರಿಗೂ ಕೈಕಂಬದ ದಾರಿಯೇ ಹತ್ತಿರ. ಮುಲ್ಕಿ, ಕಿನ್ನಿಗೋಳಿ ಕಡೆಯವರಿಗೆ ಕಟೀಲು ರಸ್ತೆ ಉಂಟು. ಸುರತ್ಕಲ್, ಕಾಟಿಪಳ್ಳ, ಕೃಷ್ಣಾಪುರದವರಿಗೆ ಕಳವಾರು ರಸ್ತೆ. ಉಳ್ಳಾಲ, ದೇರಳಕಟ್ಟೆ, ತಲಪಾಡಿಯವರು ಮಾತ್ರ ಕಾವೂರು, ಪದವಿನಂಗಡಿ, ನಂತೂರು ದಾಟಿ ತೊಕ್ಕೊಟ್ಟಿಗೆ ಬರಬೇಕು. ಗಾಡಿ ಮಾತಾಡುವಾಗ ‘ಯಾವ ದಾರಿಯಲ್ಲಿ ಹೋಗುತ್ತೀರಿ, ಟೋಲ್ ಸೇರಿಯೋ ಬೇರೆಯೋ’ ಎಂದು ಕೇಳಿ. ಬ್ರಹ್ಮರಕೂಟ್ಲು, ತಲಪಾಡಿ, ಹೆಜಮಾಡಿಯ ಟೋಲುಗಳು ಕೆಲವರ ದಾರಿಯಲ್ಲಿ ಬರುತ್ತವೆ, ಕೆಲವರ ದಾರಿಯಲ್ಲಿ ಬರುವುದೇ ಇಲ್ಲ. ಮನೆ ಮುಟ್ಟಿದ ಮೇಲೆ ಟೋಲಿನ ಜಗಳ ಬೇಡ.

ಒಬ್ಬನೇ ಬರುವ, ಕೈಯಲ್ಲಿ ಸಣ್ಣ ಬ್ಯಾಗಿರುವ ಯುವಕನಿಗೆ ಬಸ್ಸು ಧಾರಾಳ ಸಾಕು. ನಿಲ್ದಾಣ ಇರುವುದು ಕೆಂಜಾರಿನ ಗುಡ್ಡದ ಮೇಲೆ. ಗುಡ್ಡ ಇಳಿದು ಮುಖ್ಯ ರಸ್ತೆಗೆ ಬಂದರೆ ಬಜ್ಪೆಗೂ ಸ್ಟೇಟ್‌ಬ್ಯಾಂಕಿಗೂ ಹೋಗುವ ಖಾಸಗಿ ಬಸ್ಸುಗಳು ಸಿಗುತ್ತವೆ. ಗುಡ್ಡ ಇಳಿಯಲು ಮಾತ್ರ ಬಾಡಿಗೆ ಗಾಡಿ, ಉಳಿದ ದಾರಿಗೆ ಬಸ್ಸು. ನಿಲ್ದಾಣದ ಬಾಗಿಲಿಗೇ ಬರುವ ಸರಕಾರಿ ಬಸ್ಸು ಶುರುವಾಗುವುದು, ಜನ ಹತ್ತದೆ ನಿಲ್ಲುವುದು ಹಿಂದೆ ನಡೆದಿದೆ. ಬಸ್ಸು ಬೇಕು ಎನ್ನುವ ನಾವೇ ಬಸ್ಸು ಬಂದಾಗ ಹತ್ತುವುದಿಲ್ಲ. ಈಗ ಉಂಟಾ ಎಂದು ಹೊರಡುವ ಮೊದಲು ಕೇಳಿಕೊಳ್ಳಿ, ಉಂಟಾದರೆ ಹತ್ತಿ. ಹತ್ತಿದರೆ ಮಾತ್ರ ಅದು ನಾಳೆಯೂ ಬಂದೀತು.

ಇನ್ನೊಂದು ಉಪಾಯ ಅರ್ಧ ದಾರಿಯದ್ದು. ದೂರದ ಊರಿನವರು ನಿಲ್ದಾಣದಿಂದ ಬಸ್ ಸ್ಟ್ಯಾಂಡಿಗೋ ಮಂಗಳೂರು ಜಂಕ್ಷನ್ ರೈಲ್ವೆ ಸ್ಟೇಷನ್ನಿಗೋ ಟ್ಯಾಕ್ಸಿ ಹಿಡಿಯಬಹುದು. ಅಲ್ಲಿಂದ ಊರಿಗೆ ಬಸ್ಸು ಅಥವಾ ರೈಲು. ಊರಿನ ಪೇಟೆಗೆ ಮನೆಯವರು ರಿಕ್ಷಾ ತಂದರೆ ಸಾಕು. 50 ಕಿಲೋಮೀಟರಿನ ಬಾಡಿಗೆ 15 ಕಿಲೋಮೀಟರಿಗೆ ಇಳಿಯುತ್ತದೆ.

ಟ್ಯಾಕ್ಸಿಯೇ ಬೇಕಾದರೆ ಪ್ರೀಪೇಯ್ಡ್ ಕೌಂಟರಿನಲ್ಲಿ ದರ ಕೇಳಿ, ಮೊಬೈಲ್ ಆ್ಯಪಿನಲ್ಲಿ ದರ ನೋಡಿ, ಊರಿನ ಡ್ರೈವರಿಗೂ ಒಂದು ಫೋನ್ ಹಾಕಿ. ಮೂರು ದರ ಕೈಯಲ್ಲಿದ್ದರೆ ಯಾರೂ ನಿಮ್ಮನ್ನು ಸುಲಭದಲ್ಲಿ ಮೋಸ ಮಾಡಲಾರರು. ಇದನ್ನು ಹೊರಗೆ ಬಂದು ಟ್ರಾಲಿ ಹಿಡಿದುಕೊಂಡು ನಿಂತಾಗ ಮಾಡಬೇಡಿ. ಪೆಟ್ಟಿಗೆಗೆ ಕಾಯುವ ಸಮಯದಲ್ಲಿ ಒಳಗೇ ಮಾಡಿ ಮುಗಿಸಿ. ಹೊರಗೆ ಬಂದು ಸುಸ್ತಾಗಿ ನಿಂತವನ ಮುಖ ನೋಡಿಯೇ ಕೆಲವರು ದರ ಹೇಳುವುದು.

ಬೇಗ ಹೋಗಿ ಕಾಯುವ ಖರ್ಚು

ವಿಮಾನ ಬೆಳಿಗ್ಗೆ ಹತ್ತಕ್ಕೆ ಎಂದರೆ ಏಳಕ್ಕೇ ಹೋಗಿ ನಿಲ್ಲುವವರಿದ್ದಾರೆ. ವಿಮಾನ ಇಳಿದು, ಇಮಿಗ್ರೇಷನ್ ಮುಗಿದು, ಪೆಟ್ಟಿಗೆ ಬಂದು, ಕಸ್ಟಮ್ಸ್ ದಾಟಿ ಹೊರಗೆ ಬರಲು ಮತ್ತೆ ಸಮಯ ಬೇಕು. ಅಷ್ಟು ಹೊತ್ತು ಗಾಡಿಗೆ ಕಾಯುವ ಬಾಡಿಗೆಯೂ ಏರುತ್ತದೆ, ಪಾರ್ಕಿಂಗ್ ಹಣವೂ ಏರುತ್ತದೆ. ಮನೆಯಿಂದ ಹೊರಡುವ ಮೊದಲು ವಿಮಾನ ಅಲ್ಲಿಂದ ಎಷ್ಟಕ್ಕೆ ಹೊರಟಿತು ಎಂದು ಮೊಬೈಲಿನಲ್ಲಿ ನೋಡಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ನಮ್ಮದು ಗುಡ್ಡದ ತುದಿಯ ರನ್‌ವೇ. ಮೋಡ ಮಳೆ ಜಾಸ್ತಿಯಾದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಇಲ್ಲಿ ಗಾಡಿ ಸುಮ್ಮನೆ ನಿಂತಿರುತ್ತದೆ.

ಹೋಗುವಾಗಿನ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ಸಮಯ ಉಳಿಸಲು ಹೋಗಬೇಡಿ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ರಸ್ತೆಯೇ ಬಂದ್ ಆದದ್ದು ನಿಮಗೆ ನೆನಪಿರಬಹುದು. ಸುತ್ತು ದಾರಿ ಹಿಡಿಯುವುದು ಹೊರತು ಬೇರೆ ಗತಿ ಇರಲಿಲ್ಲ. ವಿಮಾನ ತಪ್ಪಿದರೆ ಇಡೀ ವರ್ಷ ಬಸ್ಸಿನಲ್ಲಿ ಹೋಗಿ ಉಳಿಸಿದರೂ ಆ ನಷ್ಟ ತುಂಬದು. ಗಲ್ಫ್ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿ ಇರಿ.

ಕಣ್ಣೂರಿನ ಟಿಕೆಟ್ ಅಗ್ಗ, ಆದರೆ...

2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮವರಿಗೆ ಅದೂ ಒಂದು ದಾರಿಯಾಯಿತು. ಟಿಕೆಟ್ 3,000 ರೂಪಾಯಿ ಕಡಿಮೆ ಎಂದು ಕಣ್ಣೂರಿಗೆ ತೆಗೆಯುತ್ತಾರೆ. ನಿಲ್ದಾಣ ಇರುವುದು ಕಣ್ಣೂರು ಪೇಟೆಯಲ್ಲಲ್ಲ, ಮಟ್ಟನ್ನೂರಿನಲ್ಲಿ. ಮಂಗಳೂರಿನಿಂದ 150 ಕಿಲೋಮೀಟರಿಗೂ ಹೆಚ್ಚು. ಊರಿಂದ ಗಾಡಿ ಕಳಿಸಿದರೆ ಹೋಗಿ ಬರಲು 300 ಕಿಲೋಮೀಟರ್. ಮೇಲಿನ ಅದೇ ಲೆಕ್ಕದಲ್ಲಿ 6,000 ರೂಪಾಯಿ. 3,000 ಉಳಿಸಲು ಹೋಗಿ 6,000 ಕೊಟ್ಟಂತಾಯಿತು!

ಕಣ್ಣೂರು ಬೇಡ ಎಂದು ನಾನು ಹೇಳುವುದಿಲ್ಲ. ಕಣ್ಣೂರಿಗೆ ಬಂದರೆ ರೈಲಿನಲ್ಲಿ ಬನ್ನಿ ಎನ್ನುತ್ತೇನೆ. ನಿಲ್ದಾಣದಿಂದ ಕಣ್ಣೂರು ಅಥವಾ ತಲಶ್ಶೇರಿ ರೈಲ್ವೆ ಸ್ಟೇಷನ್ನಿಗೆ ಟ್ಯಾಕ್ಸಿ ಅಥವಾ ಬಸ್ಸು. ಎರಡೂ ಮೂವತ್ತು ಕಿಲೋಮೀಟರಿನ ಒಳಗೆ. ಅಲ್ಲಿಂದ ಕಾಸರಗೋಡು ದಾರಿಯಾಗಿ ಮಂಗಳೂರಿಗೆ ರೈಲು. ಕರಿಪ್ಪೂರಿನಲ್ಲಿ ಇಳಿದವರಿಗೂ ಇದೇ ಕ್ರಮ, ಕೋಝಿಕ್ಕೋಡಿಗೆ ಹೋಗಿ ರೈಲು ಹತ್ತುವುದು. ರೈಲಿನ ಸಮಯ ನೋಡಿಯೇ ವಿಮಾನದ ಟಿಕೆಟ್ ತೆಗೆಯಿರಿ. ನಡುರಾತ್ರಿ ಇಳಿದು ಬೆಳಗಿನವರೆಗೆ ಸ್ಟೇಷನ್ನಿನಲ್ಲಿ ಕೂರುವ ಹಾಗಾದರೆ, ಹೆಂಗಸರು ಮಕ್ಕಳಿರುವಾಗ, ಆ ಉಳಿತಾಯ ಬೇಡ.

ಬೆಂಗಳೂರಿನಲ್ಲಿ ಇಳಿಯುವವರೂ ಉಂಟು. ದೇವನಹಳ್ಳಿಯ ನಿಲ್ದಾಣ ನಗರದಿಂದ ಸುಮಾರು 35 ಕಿಲೋಮೀಟರ್ ದೂರ. ಟ್ಯಾಕ್ಸಿಯವರು ಕರೆದರೂ ಮೊದಲು ಬಿಎಂಟಿಸಿಯ ವಾಯುವಜ್ರ ಬಸ್ಸು ನಿಲ್ಲುವ ಜಾಗಕ್ಕೆ ನಡೆಯಿರಿ. ಮೆಜೆಸ್ಟಿಕ್ಕಿಗೆ ಹೋಗುವುದು ಕೆಐಎ-9 ನಂಬರಿನ ಬಸ್ಸು. ಎಸಿ ಬಸ್ಸು, ಪೆಟ್ಟಿಗೆ ಇಡಲು ಜಾಗ ಉಂಟು. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಮಂಗಳೂರಿನ ಬಸ್ಸು ಅಲ್ಲೇ, ರೈಲ್ವೆ ಸ್ಟೇಷನ್ ರಸ್ತೆಯ ಆಚೆ. 2021ರಲ್ಲಿ ನಿಲ್ದಾಣದ ಹತ್ತಿರ ರೈಲ್ವೆ ಹಾಲ್ಟ್ ಕೂಡ ಆಗಿದೆ. ಟಿಕೆಟ್ ಬಹಳ ಕಡಿಮೆ, ಆದರೆ ರೈಲುಗಳೂ ಕಡಿಮೆ. ಸಮಯ ಸರಿಹೊಂದಿದವರಿಗೆ ಮಾತ್ರ ಅದು.

ಅಲ್ಲಿ ಇಳಿಯುವವರಿಗೆ

ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ದುಬೈಗೆ ಹೋಗುವ ನಮ್ಮ ಹುಡುಗರಿಗೆ ಒಂದೊಂದು ದಿರ್ಹಮ್ಮೂ ದೊಡ್ಡದು. ಅಲ್ಲಿನ ವಿಮಾನ ನಿಲ್ದಾಣದ ಟ್ಯಾಕ್ಸಿ ಹತ್ತಿದ ಕೂಡಲೇ ಮೀಟರ್ 25 ದಿರ್ಹಂನಿಂದ ಶುರುವಾಗುತ್ತದೆ. 2009ರಲ್ಲಿ ಶುರುವಾದ ಮೆಟ್ರೊದಲ್ಲಿ ಸಾಮಾನ್ಯ ಸಿಲ್ವರ್ ನೋಲ್ ಕಾರ್ಡಿಗೆ 3 ದಿರ್ಹಂನಿಂದ ಏಳೂವರೆ ದಿರ್ಹಂವರೆಗೆ. ದೊಡ್ಡದೊಂದು, ಸಣ್ಣದೊಂದು ಪೆಟ್ಟಿಗೆ ಒಯ್ಯಲು ಬಿಡುತ್ತಾರೆ.

ಆದರೆ ಎರಡು ವಿಷಯ ನೆನಪಿಡಿ. ಮೆಟ್ರೊ ಸ್ಟೇಷನ್ ಇರುವುದು ಟರ್ಮಿನಲ್ 1 ಮತ್ತು 3ರಲ್ಲಿ. ಟರ್ಮಿನಲ್ 2ರಲ್ಲಿ ಇಲ್ಲ, ಅಲ್ಲಿಂದ ಬಸ್ಸು ಹಿಡಿಯಬೇಕು. ನಿಮ್ಮ ವಿಮಾನ ಯಾವ ಟರ್ಮಿನಲ್ಲಿಗೆ ಎಂದು ಟಿಕೆಟಿನಲ್ಲಿ ನೋಡಿಕೊಳ್ಳಿ. ಎರಡನೆಯದು, ಮೆಟ್ರೊ ರಾತ್ರಿಯಿಡೀ ಓಡುವುದಿಲ್ಲ. ನಡುರಾತ್ರಿಯ ಮೇಲೆ ಇಳಿಯುವವರು ರೂಮಿನ ಗೆಳೆಯರನ್ನು ಕೇಳಿಯೇ ಹೊರಡಬೇಕು.

ಉಮ್ರಾಕ್ಕೆ ಹೋಗುವ ಮನೆಗಳಿಗೂ ಒಂದು ಮಾತು. ಗ್ರೂಪಿನಲ್ಲಿ ಹೋಗುವವರಿಗೆ ಬಸ್ಸು ಪ್ಯಾಕೇಜಿನಲ್ಲೇ ಇರುತ್ತದೆ. ಸ್ವಂತವಾಗಿ ಹೋಗುವವರಿಗೆ ಜಿದ್ದಾ ನಿಲ್ದಾಣದ ಟರ್ಮಿನಲ್ 1ರಿಂದ ಮಕ್ಕಾಕ್ಕೂ ಮದೀನಾಕ್ಕೂ ಹರಮೈನ್ ರೈಲು ಉಂಟು. 2018ರಲ್ಲಿ ಶುರುವಾದದ್ದು. ಆದರೆ ಮಕ್ಕಾದ ರೈಲು ನಿಲ್ದಾಣ ಇರುವುದು ರುಸೈಫಾದಲ್ಲಿ, ಹರಮ್‌ನ ಬಾಗಿಲಲ್ಲಿ ಅಲ್ಲ. ಅಲ್ಲಿಂದ ಮತ್ತೆ ಬಸ್ಸೋ ಟ್ಯಾಕ್ಸಿಯೋ ಬೇಕು. ಒಬ್ಬರಿಬ್ಬರಾದರೆ ರೈಲು, ಐದು ಮಂದಿಯ ಕುಟುಂಬವಾದರೆ ಟ್ಯಾಕ್ಸಿಯ ದರವನ್ನೂ ಕೇಳಿ ನೋಡಿ. ಇಲ್ಲಿಯೂ ಅದೇ ಪ್ರಶ್ನೆ, ತಲೆ ಲೆಕ್ಕವೋ, ಗಾಡಿ ಲೆಕ್ಕವೋ. ಇಹ್ರಾಮಿನಲ್ಲಿರುವ ವಯಸ್ಸಾದ ಉಪ್ಪ ಉಮ್ಮನನ್ನು ಮೂರು ಕಡೆ ಹತ್ತಿಸಿ ಇಳಿಸಿ ಉಳಿಸುವುದರಲ್ಲಿ ಅರ್ಥವಿಲ್ಲ.

ಉಳಿಸಬಾರದ ಜಾಗ

ಬಸುರಿ ಹೆಂಗಸರು, ರೋಗಿಗಳು, ಎಳೆ ಮಕ್ಕಳು, ಮಂಡಿ ನೋವಿನ ಹಿರಿಯರು ಇದ್ದರೆ ಮನೆ ಬಾಗಿಲಿಗೆ ಗಾಡಿ ಮಾಡಿ. ಹೆಂಗಸು ಒಬ್ಬಳೇ ರಾತ್ರಿ ಬರುವುದಾದರೂ ಹಾಗೆಯೇ. ಅದು ದುಂದುಗಾರಿಕೆ ಅಲ್ಲ, ಹಕ್ಕು.

ಇನ್ನೊಂದು, ಅಗ್ಗವೆಂದು ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ತೆಗೆದುಕೊಳ್ಳುವುದು. ನಮ್ಮ ಊರುಗಳಲ್ಲಿ ಇದು ಸಾಮಾನ್ಯವಾಗಿಬಿಟ್ಟಿದೆ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ‘ಇದು ಬಾಡಿಗೆಗೆ ಹೋದ ಗಾಡಿ’ ಎಂದು ವಿಮಾ ಕಂಪೆನಿ ತಕರಾರು ತೆಗೆಯಬಹುದು. ಆಗ ಗಾಡಿಯವನಿಗೂ ಕಷ್ಟ, ಒಳಗಿದ್ದವರಿಗೂ ಕಷ್ಟ. ಹಳದಿ ಬೋರ್ಡಿನವನು ಪರ್ಮಿಟ್, ತೆರಿಗೆ, ವಿಮೆ ಎಲ್ಲ ಕಟ್ಟಿ ರಸ್ತೆಗೆ ಇಳಿದಿರುತ್ತಾನೆ. ಅವನ ಹೊಟ್ಟೆಗೆ ಹೊಡೆದು ನಾವು ಉಳಿಸುವುದು ಬೇಡ. ಅವರಲ್ಲಿ ನಮ್ಮ ಜಮಾಅತಿನ ಹುಡುಗರೇ ಎಷ್ಟೋ ಮಂದಿ ಇದ್ದಾರೆ. ಚೌಕಾಸಿ ಹೊರಡುವ ಮೊದಲು ಮಾಡಿ. ಒಪ್ಪಿದ ಮೇಲೆ ಮನೆಯಂಗಳದಲ್ಲಿ ಚೌಕಾಸಿ ಬೇಡ, ಒಪ್ಪಿದಷ್ಟು ಕೊಡಿ.

ಬಾಡಿಗೆ ಕೊಡುವುದು ಯಾರು?

ಇದು ನನ್ನ ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಬರುವವನು ಹಣ ಕೊಡುತ್ತಾನೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಗಾಡಿ ಹೇಳಬೇಡಿ. ಟಿಕೆಟ್ ಆದ ದಿನವೇ ಮನೆಯಲ್ಲಿ ನಾಲ್ಕು ವಿಷಯ ತೀರ್ಮಾನ ಮಾಡಿ. ಯಾವ ಗಾಡಿ, ಯಾರು ಹೋಗುವುದು, ಯಾವ ದಾರಿ, ಬಾಡಿಗೆ ಯಾರ ಕೈಯಿಂದ. ಅದನ್ನು ಬರುವವನಿಗೂ ಫೋನಿನಲ್ಲಿ ಹೇಳಿ. ‘ನಾನು ಒಬ್ಬನೇ ಬರುತ್ತೇನೆ, ನೀವು ಯಾರೂ ಬರಬೇಡಿ’ ಎಂದು ಅವನು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಒತ್ತಾಯವನ್ನೂ ಮಾಡಬೇಡಿ. ಅವನಿಗೆ ಅವನದೇ ಕಾರಣ ಇರಬಹುದು.

ಜಮಾಅತುಗಳೂ ಒಂದು ಕೆಲಸ ಮಾಡಬಹುದು. ಒಂದೇ ವಿಮಾನದಲ್ಲಿ ಒಂದೇ ಊರಿನ ಇಬ್ಬರು ಮೂವರು ಬರುವುದು ಹೊಸದಲ್ಲ. ಮಹಲ್ಲಾದ ವಾಟ್ಸಾಪ್ ಗ್ರೂಪಿನಲ್ಲಿ ‘ಗುರುವಾರ ಬೆಳಗಿನ ವಿಮಾನಕ್ಕೆ ನಮ್ಮ ಗಾಡಿ ಹೋಗುತ್ತದೆ, ಎರಡು ಸೀಟು ಉಂಟು’ ಎಂದು ಒಂದು ಸಾಲು ಹಾಕಿದರೆ ಎರಡು ಮನೆಯ ಬಾಡಿಗೆ ಒಂದಾಗುತ್ತದೆ. ಮದುವೆ, ಮಯ್ಯಿತ್‌ನ ಸುದ್ದಿ ಹಾಕಲು ಗ್ರೂಪ್ ಉಂಟು, ಇದಕ್ಕೂ ಆಗಲಿ.

ಮೇಲೆ ಹೇಳಿದ ಯುವಕನಿಗೆ ಈಗ ಊರಿನಲ್ಲೇ ಕೆಲಸ ಸಿಕ್ಕಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮುಂದಿನ ತಿಂಗಳು, ಮುಂದಿನ ವಾರ, ಇನ್ನೊಬ್ಬರ ಮಗ ಅದೇ ಗೇಟಿನಿಂದ ಹೊರಗೆ ಬರುತ್ತಾನೆ. ಅವನ ಕೈಯಲ್ಲಿ ಎರಡು ಪೆಟ್ಟಿಗೆ ಕಾಣುತ್ತದೆ, ತಲೆಯೊಳಗಿನ ಚಿಂತೆ ಕಾಣುವುದಿಲ್ಲ. ಅವನು ಮನೆಗೆ ಮುಟ್ಟುವಾಗ ಬಾಡಿಗೆಯ ಮಾತು ಮುಗಿದಿರಲಿ. ಒಂದು ಗ್ಲಾಸ್ ನೀರು, ಬಿಸಿ ಪತ್ತಿರಿ, ಕೋಳಿ ಸಾರು, ಒಂದು ರಾತ್ರಿಯ ಒಳ್ಳೆಯ ನಿದ್ದೆ ಅವನಿಗೆ ಮೊದಲು ಸಿಗಲಿ.